ಸೋಲ್ ನಗರದ ಹುಳುಮನೆ

ಬೆಳಿಗ್ಗೆ ಬಟ್ಟೆ ಹರವೋಕೆ ಹೋದಾಗ ಕಾಂಪೌಂಡಿನ ಆ ಕಡೆಯಿಂದ ಅಕ್ಕ ಕರೆದರು. ಮೊಮ್ಮಗಳು ರಾತ್ರಿಯೆಲ್ಲ ಮೊಬೈಲಿನಲ್ಲಿ ಕೊರಿಯಾ ಧಾರಾವಾಹಿ ನೋಡ್ತಾಳಂತೆ. "ನೀನು ನಾಲ್ಕು ವರ್ಷ ಅಲ್ಲೇ ಇದ್ದು ಬಂದೋಳು. ಈ ಹುಡ್ಗಿ ಊಟ ಬಿಟ್ಟು ನೋಡೋವಂಥದ್ದು ಏನೈತವ್ವ ಆ ಊರಲ್ಲಿ?"

ಅಕ್ಕನ ಮನೆಯಲ್ಲಿ ನೂಲು ಬಿಚ್ಚುವ ಕೆಲಸ. ರಾಮನಗರದ ಗೂಡಿನ ಮಾರುಕಟ್ಟೆಯಿಂದ ತಂದ ಗೂಡು ಬೇಯುವ ವಾಸನೆ ಗೋಡೆ ದಾಟಿ ನಮ್ಮ ಅಡುಗೆಮನೆಗೂ ಬರುತ್ತದೆ. ಆ ವಾಸನೆಯಲ್ಲೇ ನಿಂತು, "ಅಕ್ಕಾ, ಸೋಲ್ ನಗರದಲ್ಲಿ ಜನ ಮೋಜಿಗೆ ಅಂತ ಹೋಗೋ ಒಂದು ಜಾಗದ ಹೆಸರೇ ಹುಳುಮನೆ" ಅಂದೆ.

ಅಕ್ಕ ನಂಬಲಿಲ್ಲ. ಹಾನ್ ನದಿಯ ದಡದ ಆ ಬಡಾವಣೆಗೆ ಜಾಮ್‌ಶಿಲ್ ಅಂತ ಹೆಸರು. ಜಾಮ್ ಅಂದರೆ ರೇಷ್ಮೆಹುಳು, ಶಿಲ್ ಅಂದರೆ ಕೋಣೆ. ಜೋಸನ್ ರಾಜರ ಕಾಲದಲ್ಲಿ ಅರಮನೆಯವರ ಹುಳುಮನೆ ಅಲ್ಲಿತ್ತು. ಆಗ ಅದು ನದಿಯ ನಡುಗಡ್ಡೆ. 1970ರ ದಶಕದಲ್ಲಿ ಮಣ್ಣು ತುಂಬಿ ದಡಕ್ಕೆ ಸೇರಿಸಿ ಊರು ಕಟ್ಟಿದರು. 1988ರ ಒಲಿಂಪಿಕ್ಸ್ ನಡೆದ ದೊಡ್ಡ ಕ್ರೀಡಾಂಗಣ ಅಲ್ಲೇ. 123 ಅಂತಸ್ತಿನ, 555 ಮೀಟರ್ ಎತ್ತರದ ಲೋಟೆ ಗೋಪುರವೂ ಅಲ್ಲೇ. ಹಲ್ಲುಜ್ಜುತ್ತಾ ಬಂದು ನಿಂತ ಮೊಮ್ಮಗಳಿಗೆ, "ನಿನ್ನ ಬಿಟಿಎಸ್ ಹುಡುಗರು 2019ರಲ್ಲಿ ಹಾಡಿದ್ದೂ ಆ ಹುಳುಮನೆಯಲ್ಲೇ ಕಣೇ" ಅಂದೆ. ಬ್ರಷ್ಷು ಬಾಯಲ್ಲೇ ನಿಂತಿತು.

ನಾನು ಅಲ್ಲಿ ಹೆಚ್ಚು ಹೋಗುತ್ತಿದ್ದದ್ದು ಬೇಸ್‌ಬಾಲ್ ನೋಡೋಕೆ. ಜಾಮ್‌ಶಿಲ್‌ನ ಬೇಸ್‌ಬಾಲ್ ಮೈದಾನ 1982ರದ್ದು. ಎಲ್‌ಜಿ ಟ್ವಿನ್ಸ್, ದೂಸಾನ್ ಬೇರ್ಸ್ ಎರಡೂ ತಂಡಗಳಿಗೆ ಅದೇ ತವರು. ಆಟ ನನಗೆ ಅರ್ಥವಾಗಿದ್ದು ತಡವಾಗಿ, ಹಾಡು ಅರ್ಥವಾಗಿದ್ದು ಮೊದಲು. ಒಬ್ಬೊಬ್ಬ ಆಟಗಾರ ಬ್ಯಾಟು ಹಿಡಿದು ಬಂದಾಗಲೂ ಅವನದೇ ಒಂದು ಹಾಡು. ಒಬ್ಬ ಮುಂದೆ ನಿಂತು ಹೇಳಿಕೊಡುತ್ತಾನೆ, ಸಾವಿರಾರು ಜನ ಎದ್ದು ಹಾಡುತ್ತಾರೆ. ತಂಡ ಸೋಲುತ್ತಿದ್ದರೂ ಹಾಡು ನಿಲ್ಲಲ್ಲ. ಮೊದಲ ಸಲ ಹೋದಾಗ ಪಕ್ಕದಲ್ಲಿ ಕೂತಿದ್ದ ಹೆಂಗಸು ತಮ್ಮ ಡಬ್ಬಿಯ ಕರಿದ ಕೋಳಿಯನ್ನು ನನ್ನ ಮುಂದೆ ಹಿಡಿದು, ಮೊದಲು ಕೇಳಿದ್ದು ನನ್ನ ವಯಸ್ಸು. ಅವರಿಗಿಂತ ನಾನು ದೊಡ್ಡವಳು ಅಂತ ಗೊತ್ತಾದ ತಕ್ಷಣ "ಒನ್ನಿ" ಅಂದರು. ಹೆಂಗಸರು ಅಕ್ಕನನ್ನು ಕರೆಯೋದು ಹಾಗೆ. ಹೋಟೆಲಿನಲ್ಲಿ ಬಡಿಸುವ ಹೆಂಗಸಿಗೆ "ಇಮೋ", ಅಂದರೆ ತಾಯಿಯ ಒಡಹುಟ್ಟಿದವಳು. ಅಪ್ಪನಿಗೆ "ಆಪ್ಪಾ", ಅಮ್ಮನಿಗೆ "ಒಮ್ಮಾ". ನಂಟಸ್ತಿಕೆ ಹಿಡಿದು ಕರೆಯುವ ಊರಲ್ಲಿ ಬಹಳ ದಿನ ಪರಕೀಯಳಾಗಿ ಇರೋಕೆ ಆಗಲ್ಲ.

ಕಚೇರಿಯವರು ಊಟ ಮುಗಿಸಿ ನೋರೆಬಾಂಗಿಗೆ ಕರೆದುಕೊಂಡು ಹೋಗುತ್ತಿದ್ದರು. ಹಾಡಿನ ಕೋಣೆ ಅಂತ ಅರ್ಥ; ಗಂಟೆಗೆ ಇಷ್ಟು ಅಂತ ಬಾಡಿಗೆ. ಪರದೆಯ ಮೇಲೆ ಸಾಹಿತ್ಯ, ಕೈಗೊಂದು ಮೈಕು. ಅಲ್ಲಿ ದನಿ ಚೆನ್ನಾಗಿದೆಯಾ ಅಂತ ಯಾರೂ ನೋಡಲ್ಲ, ಆದರೆ ಹಾಡದೆ ಬಿಡಲ್ಲ. ಯಂತ್ರದಲ್ಲಿ ಕನ್ನಡದ ಹಾಡು ಸಿಗಲಿಲ್ಲ. ನಾನು ಅಮ್ಮನಿಂದ ಕಲಿತ ಸೋಬಾನೆ ಪದ ಎತ್ತಿದೆ. ಎರಡನೇ ನುಡಿಗೆಲ್ಲ ಸೊಲ್ಲು ಹಿಡಿದರು, ನಮ್ಮ ಕಂಜರದಂಥ ವಾದ್ಯ ತಟ್ಟಿದರು. ಹಾಡು ಅಂದರೆ ಒಬ್ಬರು ಎತ್ತೋದು, ಉಳಿದವರು ಹಿಡಿಯೋದು ಅಂತ ಅವರಿಗೂ ಗೊತ್ತು.

ಆದರೆ ಅಕ್ಕನಿಗೆ ನಾನು ಹೇಳಬೇಕಿದ್ದದ್ದು ಬೇರೆ. ಒಂದು ಭಾನುವಾರ ನದಿ ದಡದ ಪಾರ್ಕಿನಲ್ಲಿ ನಡೆಯುವಾಗ ಗಾಳಿಯಲ್ಲಿ ಬಂದ ವಾಸನೆಗೆ ಕಾಲು ನಿಂತವು. ನಮ್ಮ ಬೀದಿಯ ವಾಸನೆ. ಹುಡುಕಿಕೊಂಡು ಹೋದರೆ ಒಬ್ಬ ಅಜ್ಜಿ ದೊಡ್ಡ ಬಾಣಲೆಯಲ್ಲಿ ಪೊಂದೆಗಿ ಬೇಯಿಸುತ್ತಿದ್ದರು. ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುತ್ತಲ್ಲ, ಅದೇ ಹುಳ. ನಾವು ಎಣ್ಣೆಗೋ, ಮೀನು ಕೋಳಿಗಳ ಮೇವಿಗೋ ಮಾರಿಬಿಡುವುದನ್ನು ಅಲ್ಲಿ ಕಾಗದದ ಲೋಟಕ್ಕೆ ತುಂಬಿ, ಕಡ್ಡಿ ಚುಚ್ಚಿ ಕೊಡುತ್ತಾರೆ. ಮಕ್ಕಳು ಕಡಲೆಕಾಯಿ ತಿಂದ ಹಾಗೆ ತಿನ್ನುತ್ತವೆ.

ಸ್ಕೂಲಿನಲ್ಲಿ ಈ ವಾಸನೆಗೆ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಅಮ್ಮ ಬಿಸಿನೀರಲ್ಲಿ ಕೈ ಅದ್ದಿ ಅದ್ದಿ ಬೆರಳು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಆ ಕೈ ಹಿಡಿದು ಸ್ಕೂಲಿಗೆ ಹೋಗೋಕೆ ನನಗೆ ಒಂದು ಕಾಲದಲ್ಲಿ ನಾಚಿಕೆ. ಅಲ್ಲಿ ಅಜ್ಜಿ ಲೋಟ ಕೊಟ್ಟಾಗ ಬಹಳ ಹೊತ್ತು ಹಿಡಿದುಕೊಂಡೇ ನಿಂತಿದ್ದೆ.

ಆಮೇಲೆ ರೇಷ್ಮೆಯ ಜಾಡು ಹಿಡಿದೇ ಸುತ್ತಿದೆ. ಸೊಂಗ್‌ಬುಕ್‌ನಲ್ಲಿ ರೇಷ್ಮೆ ಸಾಕೋದನ್ನು ಕಲಿಸಿದ ದೇವತೆಗೆ ಅರಸರು ಪೂಜೆ ಮಾಡಿಸುತ್ತಿದ್ದ ಕಟ್ಟೆ ಇದೆ. ಚಾಂಗ್‌ದೊಕ್ ಅರಮನೆಯಲ್ಲಿ ನಾನೂರು ವರ್ಷದ ಹಿಪ್ಪುನೇರಳೆ ಮರ ಇದೆ. ರಾಣಿ ತಾನೇ ಸೊಪ್ಪು ಕೊಯ್ದು ಹುಳಕ್ಕೆ ಹಾಕುವ ಶಾಸ್ತ್ರ ಅವರಲ್ಲಿತ್ತು.

"ರಾಣೀನೇ ಕುಯ್ತಿದ್ಲಾ?" ಅಕ್ಕ ಸೆರಗಿಗೆ ಕೈ ಒರೆಸಿಕೊಂಡರು.

"ಹೂಂ ಅಕ್ಕಾ. ಜಾಮ್ವೊನ್ ಅಂತ ಇನ್ನೊಂದು ಬಡಾವಣೇಲಿ ಹಳೇ ಹಿಪ್ಪುನೇರಳೆ ಮರದ್ದು ಒಣಗಿದ ಬೊಡ್ಡೆ ಇದೆ. ಸತ್ತೋಗಿ ಎಷ್ಟೋ ಕಾಲ ಆಯ್ತು. ಕಡಿದು ಹಾಕ್ಲಿಲ್ಲ. ಸುತ್ತ ಬೇಲಿ ಹಾಕಿ, ಊರಿನ ಸ್ಮಾರಕ ಅಂತ ಕಾಪಾಡವ್ರೆ."

ಮೊಮ್ಮಗಳು ಅಷ್ಟರಲ್ಲಿ ಮೊಬೈಲಿನಲ್ಲಿ ಆ ಬೊಡ್ಡೆಯ ಚಿತ್ರ ಹುಡುಕಿ ಗೋಡೆಯ ಮೇಲಿಟ್ಟಳು. ಅಕ್ಕ ಕನ್ನಡಕ ತರಿಸಿಕೊಂಡು ನೋಡಿದರು. ಒಳಗಿನಿಂದ ಗೂಡು ಬೆಂದ ಆವಿ ಬಂತು. ಹೊರಡುವ ಮುಂಚೆ ತಿರುಗಿ, ದನಿ ತಗ್ಗಿಸಿ ಕೇಳಿದರು: "ಆ ಹುಳಕ್ಕೆ ಬರೀ ಉಪ್ಪು ಹಾಕ್ತಾರಾ, ಖಾರಾನೂ ಹಾಕ್ತಾರಾ?"