ಮನೆದೇವರ ವಿಶ್ವವಿದ್ಯಾಲಯ: ನಾಲ್ಕು ತಾಲ್ಲೂಕುಗಳ ಒಂದು ತಲಸ್ಪರ್ಶಿ ಅಧ್ಯಯನ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಭಕ್ತಿಯನ್ನು ಕಲಿಸುವವರು ಯಾರು ಎಂಬ ಪ್ರಶ್ನೆಗೆ ದೇವಸ್ಥಾನ ಎಂದರು ಕೆಲವರು, ಮಠ ಎಂದರು ಹಲವರು. ಇವೆಲ್ಲ ಪೂರ್ವಪಕ್ಷ. ಸಿದ್ಧಾಂತವೇನೆಂದರೆ, ಪಾಠ ನಡೆಯುವುದು ಅಡುಗೆಮನೆಯ ಹೊಸ್ತಿಲಲ್ಲಿ, ಕುಲಪತಿ ಅಜ್ಜಿ. ಆಕೆಯ ನೇಮಕಕ್ಕೆ ಯಾವ ಸರ್ಕಾರವೂ ಆದೇಶ ಹೊರಡಿಸಿಲ್ಲ. ನಿವೃತ್ತಿಯ ವಯಸ್ಸನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ.

ದಾಖಲಾತಿ ನಾಮಕರಣದಂದೇ ಮುಗಿಯುತ್ತದೆ. ಪಟ್ಟಣದ ಕಡೆ ರಂಗ, ಮೇಲುಕೋಟೆಯ ಕಡೆ ಚೆಲುವ, ಆದಿಚುಂಚನಗಿರಿಯ ಕಡೆ ಬೈರ. ಭಾಗವತದ ಅಜಾಮಿಳ ಸಾಯುವ ಹೊತ್ತಿನಲ್ಲಿ ಮಗನನ್ನು ‘ನಾರಾಯಣ’ ಎಂದು ಕರೆದೇ ಪಾರಾದ. ಈ ಲೆಕ್ಕ ಹಿಡಿದರೆ, “ಲೇ ಚೆಲ್ವ, ಎಮ್ಮೆ ಬಿಚ್ಕಂಡೋಯ್ತು ನೋಡ್ಲಾ” ಎಂದು ದಿನವಿಡೀ ಕೂಗುವ ಪಾಂಡವಪುರದ ತಾಯಂದಿರ ಪುಣ್ಯವನ್ನಿಡಲು ವೈಕುಂಠದಲ್ಲಿ ಜಾಗ ಸಾಲದು. ಹೆಸರಿನ ಹಿಂದೆಮುಂದೆ ಅಂಟಿಕೊಂಡು ಬರುವ ಬೈಗುಳ ದೇವರ ಖಾತೆಗೋ ಮಗನ ಖಾತೆಗೋ ಎಂಬುದು ಪ್ರತ್ಯೇಕ ಸಂಶೋಧನೆಗೆ ಅರ್ಹವಾದ ವಿಷಯ. ಮೇಲುಕೋಟೆಯ ಉತ್ಸವಮೂರ್ತಿಯನ್ನೇ ರಾಮಾನುಜರು ‘ಚೆಲ್ವಪಿಳ್ಳೆ’ ಎಂದು ಕರೆದರು, ಅದು ಬಂದು ತೊಡೆಯೇರಿತು ಎಂಬ ಐತಿಹ್ಯವಿರುವಾಗ ತಾಯಂದಿರ ವಿಧಾನ ಶಾಸ್ತ್ರಸಮ್ಮತವೇ. ಮನೆಯ ಚೆಲ್ವ ಮೊದಲ ಕೂಗಿಗೆ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನು ಅರ್ಥಶಾಸ್ತ್ರ ವಿಭಾಗ. ಹಸು ಕರು ಹಾಕದಿದ್ದರೆ, ಮೊಮ್ಮಗನಿಗೆ ಜ್ವರ ಇಳಿಯದಿದ್ದರೆ, ಅಜ್ಜಿ ಅಂಗೈಯಗಲದ ಬಟ್ಟೆಯನ್ನು ಅರಿಸಿನದ ನೀರಿಗೆ ಅದ್ದಿ, ನಡುವೆ ಒಂದು ನಾಣ್ಯವಿಟ್ಟು, ಮೂರು ಗಂಟು ಹಾಕಿ ದೇವರ ಪಟದ ಹಿಂದೆ ಸಿಕ್ಕಿಸುತ್ತಾಳೆ. ಇದು ಮುಡುಪು. ಮೇಲುಕೋಟೆಯ ವೈರಮುಡಿ ಕಿರೀಟ ವರ್ಷವೆಲ್ಲ ಮಂಡ್ಯದ ಜಿಲ್ಲಾ ಖಜಾನೆಯಲ್ಲಿದ್ದು, ಉತ್ಸವಕ್ಕೆ ಪೊಲೀಸ್ ಕಾವಲಿನಲ್ಲಿ, ಹಾದಿಯ ಊರುಗಳ ಪೂಜೆ ಪಡೆಯುತ್ತ ಬೆಟ್ಟಕ್ಕೆ ಹೋಗುತ್ತದೆ. ಮುಡುಪಿಗೆ ಕಾವಲೂ ಇಲ್ಲ, ಬೀಗವೂ ಇಲ್ಲ. ಮೈಸೂರಿನ ಬಸ್ಸಿಗೆ ಚಿಲ್ಲರೆ ಸಾಲದೆ ಆ ಕಡೆ ಕೈಚಾಚಿದವನಿಗೆ, “ಮುಟ್ಬುಟ್ಟೀಯ ಕಣ್ಲಾ, ಕಣ್ ಕುಕ್ಬುಡ್ತನೆ” ಎಂಬ ಒಂದು ಸಾಲಿನ ಉಪನ್ಯಾಸ ಸಾಕು. ಅಜ್ಜ ಒಮ್ಮೆ ಬೀಡಿಗೆಂದು ಗಂಟು ಬಿಚ್ಚಿ, ಆಮೇಲೆ ಹೆದರಿ ಎರಡರಷ್ಟು ಹಾಕಿ ಕಟ್ಟಿದ ಪ್ರಕರಣ ಯಾವ ಮನೆಯಲ್ಲಿ ಇಲ್ಲ? ಬಡ್ಡಿ ಎಂದರೇನೆಂದು ಮಕ್ಕಳು ಕಲಿಯುವುದೂ ಅಂದೇ.

ಈ ವಿದ್ಯಾಲಯದ ಬಲವನ್ನು ಹೊರಗಿನವರಲ್ಲಿ ಚೆನ್ನಾಗಿ ಅರಿತವರು ಫ್ರೆಂಚ್ ಪಾದ್ರಿ ಅಬ್ಬೆ ದುಬೋಯ್. 1799ರಲ್ಲಿ ಶ್ರೀರಂಗಪಟ್ಟಣ ಬ್ರಿಟಿಷರ ಕೈಗೆ ಬಿದ್ದ ಮೇಲೆ ಇಲ್ಲಿಗೆ ಬಂದು, ಗಂಜಾಂನ ಕ್ರೈಸ್ತರ ನಡುವೆ ಕೆಲಸ ಮಾಡಿ, ‘ದೊಡ್ಡಸ್ವಾಮಿಯವರು’ ಎನಿಸಿಕೊಂಡರು. ನಮ್ಮ ಜನ ಹೇಗೆ ಉಣ್ಣುತ್ತಾರೆ, ಹೇಗೆ ಮಡಿಯುಡುತ್ತಾರೆ ಎಂದು ದಪ್ಪ ಪುಸ್ತಕ ಬರೆದರು. ಈಸ್ಟ್ ಇಂಡಿಯಾ ಕಂಪನಿ ಅದರ ಹಸ್ತಪ್ರತಿ ಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಮೂವತ್ತೊಂದು ವರ್ಷ ಈ ದೇಶದಲ್ಲಿದ್ದು, ಇಲ್ಲಿಯವರನ್ನು ಮತಾಂತರಿಸುವುದು ಆಗಹೋಗದ ಮಾತು ಎಂದು ಹೇಳಿ 1823ರಲ್ಲಿ ಊರಿಗೆ ಹೊರಟರು. ಕಾರಣ ಹಲವು ಕೊಟ್ಟಿದ್ದಾರೆ. ನಮ್ಮ ಸಂಶೋಧನೆಯ ಪ್ರಕಾರ ಕಾರಣ ಒಂದೇ: ಅವರು ಪಾಠ ಶುರುಮಾಡುವ ಹೊತ್ತಿಗೆ ಅಜ್ಜಿಯ ಮೊದಲ ಪಿರಿಯಡ್ಡು ಮುಗಿದಿರುತ್ತಿತ್ತು. ಗಂಜಾಂನಲ್ಲಿ ಸಂಜೆ ಮಕ್ಕಳ ಕೈಗೆ ಜಪಸರ ಕೊಟ್ಟು ಕೂರಿಸುವವಳೂ, ಪಟ್ಟಣದ ಮಸೀದಿ ಬೀದಿಯಲ್ಲಿ ರಂಜಾನಿನ ಸಹರಿಗೆ ಕಂಬಳಿ ಎಳೆದು ಎಬ್ಬಿಸುವವಳೂ ಇದೇ ದರ್ಜೆಯ ಪ್ರಾಧ್ಯಾಪಕಿಯರು.

ಮೌಖಿಕ ಪರೀಕ್ಷೆ ಹೆಣ್ಣು ನೋಡುವ ಶಾಸ್ತ್ರದಂದು. ಪ್ರಶ್ನೆ ಒಂದೇ: “ನಿಮ್ಮ ಮನೆದೇವ್ರು ಯಾವ್ದು?” ಎರಡೂ ಕಡೆಯ ಉತ್ತರ ಒಂದೇ ಆದರೆ, “ಅಯ್ಯೋ, ಅಣ್ತಮ್ಮಂದ್ರಾಗ್ಬುಡ್ತೀವಿ” ಎಂದು ಉಪ್ಪಿಟ್ಟು ತಿಂದು ಎದ್ದು ಹೋಗುತ್ತಾರೆ. ಸರಿಯುತ್ತರ ಕೊಟ್ಟು ನಪಾಸಾಗುವ ಪರೀಕ್ಷೆ ಬೇರೆಲ್ಲೂ ನಮಗೆ ಕಂಡಿಲ್ಲ.

ಪಾಠಕ್ಕೆ ಮನೆ ಬೇಕಲ್ಲ? ಅದಕ್ಕೆ ಕೆ.ಆರ್. ಪೇಟೆ ತಾಲ್ಲೂಕಿನ ಕಲ್ಲಹಳ್ಳಿ. ಹೇಮಾವತಿಯ ದಡದಲ್ಲಿ ಭೂದೇವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡ ಭೂವರಾಹನಾಥಸ್ವಾಮಿಯ ಮುಂದೆ ಮಣ್ಣು, ಇಟ್ಟಿಗೆ ಇಟ್ಟು ಪೂಜೆ ಮಾಡಿಸಿದರೆ ಮನೆ ಏಳುತ್ತದೆ, ಜಮೀನಿನ ವ್ಯಾಜ್ಯ ಬಗೆಹರಿಯುತ್ತದೆ ಎಂಬುದು ನಂಬಿಕೆ. ಒಂದೇ ಸೈಟಿಗಾಗಿ ಕೋರ್ಟು ಹತ್ತಿದ ಅಣ್ಣ ಬೆಳಗ್ಗೆ, ತಮ್ಮ ಮಧ್ಯಾಹ್ನ, ಒಂದೇ ಗುಂಡಿಯ ಮಣ್ಣು ಹಿಡಿದು ಬಂದರೆ ಸ್ವಾಮಿ ಯಾರ ಕಡೆ ತೀರ್ಪು ಕೊಡಬೇಕು? ಭೂದೇವಿ ಮಾತ್ರ ಯಾವ ಕಡೆಗೂ ವಾಲದೆ ಕೂತಿದ್ದಾಳೆ.

ಇಲ್ಲಿ ನಮ್ಮ ಮುಖ್ಯ ಶೋಧನೆ ಬರುತ್ತದೆ. ಗದ್ದೆ ಪಾಲಾಗುತ್ತದೆ, ಪಂಪ್‌ಸೆಟ್ ಪಾಲಾಗುತ್ತದೆ, ಹಟ್ಟಿಯ ನಡುವೆ ಗೋಡೆ ಏಳುತ್ತದೆ. ಮನೆದೇವರು ಮಾತ್ರ ಪಾಲಾಗುವುದಿಲ್ಲ. ದೇವರ ಪೆಟ್ಟಿಗೆ ಹಿರೀಕನ ಮನೆಯಲ್ಲೇ. ಮನೆದೇವರಿಗೆ ನಡೆಸುವ ಹರಿಸೇವೆಯ ದಿನ ಮಾತು ಬಿಟ್ಟವರೂ ಅಲ್ಲಿಗೇ ಬರಬೇಕು. ಜಗಲಿಯಲ್ಲಿ ಗರುಡಗಂಬದ ದೀಪ ಹಚ್ಚಿಟ್ಟ ದಾಸಯ್ಯ ಜಾಗಟೆ ಹಿಡಿದು ಕಾಯುತ್ತಾನೆ. ಅಣ್ಣ ತಮ್ಮನೊಡನೆ ಮಾತಾಡಲಾರ, ಆದ್ದರಿಂದ ದಾಸಯ್ಯನಿಗೆ ಹೇಳುತ್ತಾನೆ: “ಹೋದ್ಸಲ ಅಕ್ಕಿ ಯಾರು ಕಮ್ಮಿ ತಂದ್ರು ಅಂತ ಕೇಳು ದಾಸಯ್ಯ.” ತಮ್ಮನೂ ದಾಸಯ್ಯನಿಗೇ: “ಕಾಯಿ ಯಾರು ತರ್ನೇ ಇಲ್ಲ ಅಂತ್ಲೂ ಕೇಳು.” ಅಷ್ಟರಲ್ಲಿ ಶಂಖ ಮೊಳಗುತ್ತದೆ, ಇಬ್ಬರೂ ಒಟ್ಟಿಗೇ “ಗೋವಿಂದಾ” ಎನ್ನುತ್ತಾರೆ. ಆಮೇಲೆ ಎದುರುಬದುರು ಎಲೆ. ಕಜ್ಜಾಯ ಬಡಿಸುವವಳು ತಮ್ಮನ ಹೆಂಡತಿ, ತುಪ್ಪ ಬಡಿಸುವವಳು ಅಣ್ಣನ ಹೆಂಡತಿ. ತುಪ್ಪದ ಪ್ರಮಾಣವನ್ನು ಇಬ್ಬರೂ ಓರೆಗಣ್ಣಿನಲ್ಲಿ ಅಳೆಯುತ್ತಾರೆ. ಜಗಳವಾಡಲಿಕ್ಕಾದರೂ ವರ್ಷಕ್ಕೊಮ್ಮೆ ಒಂದೇ ಸೂರಿನಡಿ ಸೇರುವ ಕುಟುಂಬವನ್ನು ಒಡೆದದ್ದು ಎನ್ನಲು ನಮ್ಮಲ್ಲಿ ಪುರಾವೆ ಸಾಲದು.

ಬೆಂಗಳೂರಿನಲ್ಲಿ ಫ್ಲಾಟು ಕೊಂಡ ಕಿರಿಯ ಸೊಸೆ, ಮುಂದಿನ ಸಲ ದೇವರ ಪೆಟ್ಟಿಗೆಯನ್ನು ತಮ್ಮ ಮನೆಗೇ ಒಯ್ಯುವುದಾಗಿ ಪ್ರಸ್ತಾವ ಮಂಡಿಸಿದಳು. ಅಜ್ಜಿ ಎಲೆಅಡಿಕೆ ಹಾಕಿಕೊಳ್ಳುತ್ತಲೇ ಕೇಳಿದಳು: “ಆರ್ನೇ ಮಾಡೀಲಿ ರಾತ್ರೆಲ್ಲ ಜಾಗಟೆ ಹೊಡ್ಯಕೆ ಬುಟ್ಟಾರೇನಮ್ಮಿ? ಮೊದ್ಲು ಅದ್ನ ಕೇಳ್ಕಂಡ್ ಬಾ.”