ಹತ್ತಕ್ಕೆ ಏಳು

ಕಲ್ಲಡ್ಕದ ಹೋಟೆಲಿನಲ್ಲಿ ಕೆ.ಟಿ., ಅಂದರೆ ಕಲ್ಲಡ್ಕ ಟೀ, ತಂದು ಮುಂದಿಟ್ಟರೆ ನೀವು ನಾವೆಲ್ಲ ಕುಡಿಯುತ್ತೇವೆ. ನಮ್ಮ ಮಾಮ ಕುಡಿಯುವುದಿಲ್ಲ. ಮೊದಲು ಕತ್ತು ಬಗ್ಗಿಸಿ ಕಣ್ಣನ್ನು ಗ್ಲಾಸಿನ ಮಟ್ಟಕ್ಕೆ ಇಳಿಸುತ್ತಾರೆ. ಕೆಳಗೆ ಸಕ್ಕರೆ ಬೆರೆತ ಬಿಳಿ ಹಾಲು, ಮೇಲೆ ಕೆಂಪು ಡಿಕಾಕ್ಷನ್, ನಡುವೆ ಒಂದು ಗೆರೆ. ಸಿಹಿ ಹಾಲು ಭಾರ, ಡಿಕಾಕ್ಷನ್ ಹಗುರ. ಹೊಯ್ಯುವವನ ಕೈ ನಿಧಾನವಾಗಿದ್ದರೆ ಎರಡೂ ಬೆರೆಯದೆ ಅಣ್ಣ ತಮ್ಮಂದಿರು ಪಾಲಾದ ಮನೆಯ ಹಾಗೆ ನಿಲ್ಲುತ್ತವೆ. ಮಾಮ ಆ ಗೆರೆಯನ್ನೇ ನೋಡಿ, "ಓರೆ ಉಂಟು" ಎಂದರು.

"ಮಾಮ, ಓರೆ ಇರುವುದು ಮೇಜು."

ಮಾಮ ಎದ್ದು ಬಗ್ಗಿ ಮೇಜಿನ ನಾಲ್ಕೂ ಕಾಲು ನೋಡಿದರು. ಗಿಡ್ಡವಾಗಿದ್ದ ಒಂದು ಕಾಲಿಗೆ ಕಾಗದ ಮಡಚಿ ಕೊಟ್ಟರು. ಮತ್ತೆ ಕೂತು ಗೆರೆ ನೋಡಿದರು. ಅಷ್ಟರಲ್ಲಿ ನನ್ನ ಗ್ಲಾಸು ಖಾಲಿಯಾಗಿತ್ತು, ಅವರದ್ದು ತಣಿದಿತ್ತು. ಒಂದು ಗುಟುಕು ಕುಡಿದು ಜೇಬಿನಿಂದ ಡೈರಿ ತೆಗೆದರು. "ಗೆರೆ ಸರಿ. ಬಿಸಿ ಸಾಲದು. ಹತ್ತಕ್ಕೆ ಆರೂವರೆ."

ಪಾಣೆಮಂಗಳೂರಿನಲ್ಲಿ ಅವರಿಗೆ ರಿಪೋರ್ಟ್ ಮಾಮ ಎಂದೇ ಹೆಸರು. ಸ್ವಂತ ಹೆಸರು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿದೆ. ಹೊಳೆಯಾಚೆಯ ಬಂಟ್ವಾಳ 1874ರಲ್ಲಿ ಪಂಜೆ ಮಂಗೇಶರಾಯರನ್ನು ಹೆತ್ತಿತು. ಬರೆಯುವವರು ಆ ದಡಕ್ಕೆ, ಬರೆದದ್ದರಲ್ಲಿ ಕೊರತೆ ಹುಡುಕುವವರು ಈ ದಡಕ್ಕೆ ಎಂದು ನೇತ್ರಾವತಿಯೇ ನಿಂತು ಪಾಲು ಮಾಡಿಸಿದ ಹಾಗಿದೆ.

ಮಾಮ ಹೀಗಾಗಲು ಕಾರಣ ಬ್ಯಾಂಕು. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ 1906ರಲ್ಲಿ ಎರಡು, 1924ರಲ್ಲಿ ಒಂದು, ಮರುವರ್ಷ ಒಂದು, 1931ರಲ್ಲಿ ಮತ್ತೊಂದು ಎಂದು ದೊಡ್ಡ ದೊಡ್ಡ ಬ್ಯಾಂಕುಗಳನ್ನೇ ಹೆತ್ತು ದೇಶಕ್ಕೆ ಕೊಟ್ಟಿತು. ಅದರ ಫಲವಾಗಿ ಇಲ್ಲಿ ಮೂರು ಮನೆಗೊಬ್ಬ ನಿವೃತ್ತ ಮ್ಯಾನೇಜರು. ಆ ಐದು ಬ್ಯಾಂಕುಗಳಲ್ಲಿ ಮೂರು 2019 ಮತ್ತು 2020ರ ಏಪ್ರಿಲ್ ಒಂದರಂದು ಬೇರೆ ಬ್ಯಾಂಕುಗಳಲ್ಲಿ ಕರಗಿಹೋದವು. ಮಾಮನದ್ದು ಆ ಮೂರರಲ್ಲಿ ಒಂದು. ಬ್ಯಾಂಕು ಹೋಯಿತು, ಮ್ಯಾನೇಜರು ಉಳಿದರು. ಅದರಲ್ಲೂ ಇವರು ಬರೀ ಮ್ಯಾನೇಜರಲ್ಲ, ಕೊನೆಯ ಹನ್ನೊಂದು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಬೆಳಿಗ್ಗೆ ಹೇಳದೆ ಕೇಳದೆ ಒಂದು ಶಾಖೆಗೆ ಹೋಗುವುದು, ಕ್ಯಾಶ್ ಎಣಿಸುವುದು, ಲಾಕರಿನ ರಿಜಿಸ್ಟರ್ ತಿರುವುವುದು, ಅವರದ್ದೇ ಚಾ ಕುಡಿದು ಅವರ ಮೇಲೆಯೇ ಹದಿನಾಲ್ಕು ಪುಟ ಬರೆದು ಸಂಜೆಯ ಬಸ್ಸಿಗೆ ಹೊರಡುವುದು. ನಿವೃತ್ತಿಯಾದ ಮೇಲೆ ಶಾಖೆಗಳು ತಪ್ಪಿದವು, ಇಡ್ಲಿ ಸಿಕ್ಕಿತು.

ಡೈರಿಯಲ್ಲಿ ಮೂರು ಕಲಮು: ಒಳ್ಳೆಯದು, ಕೊರತೆ, ಸರಿಪಡಿಸಲು ಸೂಚನೆ. ಕೊನೆಗೆ ಅಂಕ. ಅಂಕ ಯಾವತ್ತೂ ಏಳು ದಾಟುವುದಿಲ್ಲ. ಯಾಕೆ ಮಾಮ ಎಂದು ಒಮ್ಮೆ ಕೇಳಿದ್ದೆ. "ಏಳಕ್ಕಿಂತ ಮೇಲೆ ಕೊಟ್ಟರೆ ಹೆಡ್ ಆಫೀಸಿನವರು, ಇವನೆಷ್ಟು ತಿಂದ ಅಂತ ಕೇಳ್ತಾರೆ ಮಾರಾಯ." ಈಗ ಹೆಡ್ ಆಫೀಸೂ ಇಲ್ಲ, ತಿನ್ನುವುದು ಮಾತ್ರ ನಿಜವಾಗಿಯೂ ಉಂಟು. ಆದರೂ ಅಭ್ಯಾಸ ಬಿಟ್ಟಿಲ್ಲ.

ತಿಂಡಿಗೆ ಮಾತ್ರ ಅಂಕ ಎಂದುಕೊಳ್ಳಬೇಡಿ. ಬ್ರಿಟಿಷರ ಕಾಲದ ನಮ್ಮ ಹಳೆಯ ಸೇತುವೆಗೆ ಏಳು. ಪಕ್ಕದ ಹೊಸ ಸೇತುವೆಗೆ ಐದು, ಮೇಲೆ ನಿಂತು ಹೊಳೆ ನೋಡಲಿಕ್ಕೆ ಲಾರಿಗಳು ಬಿಡುವುದಿಲ್ಲವಂತೆ. 2019ರ ಆಗಸ್ಟಿನಲ್ಲಿ ನೆರೆ ಬಂದು ಬಂಟ್ವಾಳದ ಪೇಟೆಗೆ ನೀರು ನುಗ್ಗಿದಾಗ ಊರಿಗೆ ಊರೇ ಸಾಮಾನು ಎತ್ತಿಡುವ ಗಡಿಬಿಡಿಯಲ್ಲಿತ್ತು. ಮಾಮ ಕೊಡೆ ಹಿಡಿದು ನೀರಿನಂಚಿನಲ್ಲಿ ನಿಂತಿದ್ದರು. "ಬಂದದ್ದು ಸರಿ. ಆದರೆ 74ರದ್ದರ ಗಾಂಭೀರ್ಯ ಇದಕ್ಕಿಲ್ಲ. ಆರು." 1974ರ ನೆರೆಗೆ ಅವರು ಏಳು ಕೊಟ್ಟಿದ್ದರು. ನಮ್ಮ ಊರಿನಲ್ಲಿ ಪೂರ್ತಿ ಅಂಕ ಪಡೆದ ಅತಿಥಿ ಅದೊಂದೇ.

ಮದುವೆಗೆ ಅವರನ್ನು ಕರೆಯದಿದ್ದರೆ ತಪ್ಪು, ಕರೆದರೆ ಅಪಾಯ. ಮಾಮ ಎರಡನೆಯ ಪಂಕ್ತಿಗೇ ಕೂರುವುದು. ಮೊದಲ ಪಂಕ್ತಿಯಲ್ಲಿ ಸಾರಿಗೆ ಒಗ್ಗರಣೆ ಹತ್ತಿರುವುದಿಲ್ಲ, ಮೂರನೆಯದಕ್ಕೆ ಬರುವಾಗ ಸಾರಿಗೆ ಬಾವಿ ಹತ್ತಿರವಾಗಿರುತ್ತದೆ ಎಂಬುದು ಅವರ ಸಿದ್ಧಾಂತ. ಎಲೆಗೆ ನೀರು ಚಿಮುಕಿಸಿ ಒರೆಸುವಾಗಲೇ ತಪಾಸಣೆ ಶುರು. ಉಪ್ಪು ಎಡತುದಿಗೆ ಬಿತ್ತೋ, ಉಪ್ಪಿನಕಾಯಿಯ ರಸ ಕೋಸಂಬರಿಗೆ ಹರಿಯಿತೋ, ಬಡಿಸುವ ಹುಡುಗ ಪಲ್ಯವನ್ನು ಇಟ್ಟನೋ ಎಸೆದನೋ. ಹಪ್ಪಳ ಬಂದರೆ ತಿನ್ನುವ ಮೊದಲು ಉಗುರಿನಿಂದ ತಟ್ಟಿ ಶಬ್ದ ಕೇಳುತ್ತಾರೆ. ಅಡಿಗೆಮನೆಯ ಬಾಗಿಲಿನಲ್ಲಿ ಭಟ್ಟರ ಅರ್ಧ ಮುಖ ಕಾಣುತ್ತದೆ. ಪರೀಕ್ಷೆಯ ಫಲಿತಾಂಶದ ದಿನ ನೋಟೀಸ್ ಬೋರ್ಡಿನ ಹತ್ತಿರ ನಿಂತ ಮಗುವಿನ ಮುಖ ಅದು.

ಊಟವಾದ ಮೇಲೆ "ಹೇಗಾಯ್ತು ಮಾಮ?" ಎಂದು ಕೇಳಬಾರದು. ನಾನು ಬಿ.ಸಿ. ರೋಡಿನ ಒಂದು ಸಭಾಭವನದಲ್ಲಿ ಕೇಳಿದೆ. ಕೈತೊಳೆಯುವ ಜಾಗದಿಂದ ಶುರುವಾದ ವರದಿ ಮೇಲ್ಕಾರ್ ಮುಟ್ಟಿದರೂ ಮುಗಿಯಲಿಲ್ಲ. "ದಾಳಿತೋವೆಗೆ ಇಂಗು ಬಿದ್ದಿದೆ, ಆದರೆ ಬಿದ್ದ ಜಾಗ ಗೊತ್ತಾಗ್ತದೆ. ಅನಾನಸಿನ ಮೆಣಸ್ಕಾಯಿಯಲ್ಲಿ ಅನಾನಸು ಹಾಜರಿ ಹಾಕಿ ಮನೆಗೆ ಹೋಗಿದೆ. ಹೋಳಿಗೆಯ ಉದ್ದೇಶ ಒಳ್ಳೆಯದು. ಪಾಯಸಕ್ಕೆ ತೆಂಗಿನಹಾಲು ಹಾಕಿದ್ದಾರೆ, ಒಲೆಯಿಂದ ಇಳಿಸಿ ಹಾಕಬೇಕಿತ್ತು, ಕುದಿಯುವಾಗಲೇ ಹಾಕಿದ್ದಾರೆ, ಒಡೆದಿದೆ. ಸೂಚನೆ: ಭಟ್ಟರ ಕೈಕೆಳಗಿನ ಹುಡುಗನನ್ನು ಬದಲಿಸುವುದು." ಇಷ್ಟೆಲ್ಲ ಹೇಳಿದವರು ಪಾಯಸ ಮೂರು ಸಲ ಹಾಕಿಸಿಕೊಂಡಿದ್ದರು. ಸಂಶಯ ಬಂದರೆ ಸ್ಯಾಂಪಲ್ ಹೆಚ್ಚು ತೆಗೆಯಬೇಕಂತೆ, ಇನ್‌ಸ್ಪೆಕ್ಷನ್ನಿನ ನಿಯಮ.

ನಾಲಗೆ ಸುಮ್ಮನಿರುವ ಹೊತ್ತಿನಲ್ಲಿ ಕಣ್ಣಿಗೆ ಕೆಲಸ. ಮಾಮ ಪ್ರವಾಸಕಥನ ಓದುತ್ತಾರೆ. ಬೇರೆ ಯಾವ ಪುಸ್ತಕವನ್ನೂ ಓದುವುದಿಲ್ಲ. ಕಾದಂಬರಿಯಲ್ಲಿ ಬರುವ ಊರಿಗೆ ಬಸ್ಸಿಲ್ಲ, ಕವಿತೆಯಲ್ಲಿ ದರಪಟ್ಟಿಯಿಲ್ಲ. ಮಂಗಳೂರಿನ ಅತ್ರಿ ಬುಕ್ ಸೆಂಟರ್ 2012ರಲ್ಲಿ ಮುಚ್ಚುವವರೆಗೂ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ, ನಿಂತು ಅರ್ಧ ಓದಿ, ಉಳಿದರ್ಧಕ್ಕೆ ಕೊಂಡು ತರುತ್ತಿದ್ದರು. ಕಾರಂತರ ‘ಅಪೂರ್ವ ಪಶ್ಚಿಮ’ದಿಂದ ಹಿಡಿದು ಕಪಾಟು ತುಂಬ ಉಂಟು. ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯವರು 1980ರಲ್ಲಿ ಪ್ರಶಸ್ತಿ ಕೊಟ್ಟರು, ಮಾಮ ಏಳು ಕೊಟ್ಟರು. ಎರಡರಲ್ಲಿ ಯಾವುದು ದೊಡ್ಡದು ಎಂದು ಅವರಿಗೆ ಸಂಶಯವಿಲ್ಲ. ಕೃಷ್ಣಾನಂದ ಕಾಮತರ ‘ನಾನೂ ಅಮೇರಿಕೆಗೆ ಹೋಗಿದ್ದೆ’ಗೆ ಹೆಸರಿನಲ್ಲೇ ಎರಡು ಅಂಕ: "ಆ ‘ನೂ’ ನೋಡು ಮಾರಾಯ. ಹೋಗಿ ಬಂದವರೆಲ್ಲ ಆ ಒಂದು ಅಕ್ಷರ ಕಲಿತಿದ್ದರೆ ಸಾಕಿತ್ತು."

ಈ ಮಾತಿಗೆ ಹಿನ್ನೆಲೆ ಉಂಟು. ನಮ್ಮ ಕಡೆ ಮಗಳ ಬಾಣಂತನಕ್ಕೆ ಆರು ತಿಂಗಳು ಅಮೆರಿಕಕ್ಕೆ ಹೋದವರು ಬರುವಾಗ ಮೂರು ತರುತ್ತಾರೆ: ಬಾದಾಮಿ, ಮೊಮ್ಮಗುವಿನ ಫೋಟೋ, ಒಂದು ಹಸ್ತಪ್ರತಿ. ಹಸ್ತಪ್ರತಿ ಪುಸ್ತಕವಾಗಿ, ಬಿಡುಗಡೆಯಾಗಿ, ಉಪ್ಪಿಟ್ಟಿನ ಜೊತೆ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಅಂಥ ಒಂದರ ಮೇಲೆ ಮಾಮ ಬರೆದ ವರದಿಯನ್ನು ನಾನು ಕಣ್ಣಾರೆ ಓದಿದ್ದೇನೆ:

"ಪುಟ 1ರಿಂದ 9: ಪಾಸ್‌ಪೋರ್ಟ್. 10ರಿಂದ 22: ಸೂಟ್‌ಕೇಸಿನ ತೂಕ. 23 ಕಿಲೋ ಒಳಗೆ ಕುಚ್ಚಲಕ್ಕಿ, ಹಲಸಿನ ಹಪ್ಪಳ ಮತ್ತು ಮಿಡಿ ಉಪ್ಪಿನಕಾಯಿ ಹಿಡಿಸಿದ್ದು ಮೆಚ್ಚತಕ್ಕದ್ದು. ಪುಟ 31ರಲ್ಲಿ ವಿಮಾನ ಬಜ್ಪೆಯಿಂದ ಎದ್ದಿತು. ನಯಾಗರಾ ಅರ್ಧ ಪುಟ. ನಯಾಗರಾದ ದಾರಿಯಲ್ಲಿ ಸಿಕ್ಕಿದ ಮಸಾಲೆದೋಸೆ ಎರಡು ಪುಟ. ಕೊರತೆ: ದೋಸೆಯ ದರ ಡಾಲರಿನಲ್ಲಿ ಮಾತ್ರ ಕೊಟ್ಟಿದ್ದು, ರೂಪಾಯಿಗೆ ಪರಿವರ್ತಿಸಿಲ್ಲ. ನಾಲ್ಕು."

ಲೇಖಕರಿಗೆ ಇದನ್ನು ಅಂಚೆಯಲ್ಲಿ ಕಳಿಸಿದರು. ಲೇಖಕರು ಎದುರು ಮನೆಯವರು.

ಇನ್ನು ವೈನಿನ ವಿಷಯ. ಮಾಮ ಕುಡಿಯುವವರಲ್ಲ. ಇದನ್ನು ಮೊದಲೇ ಹೇಳದಿದ್ದರೆ ಮಾಮಿ ನನಗೆ ಇನ್ನು ಬೆಲ್ಲ ನೀರೂ ಕೊಡಲಿಕ್ಕಿಲ್ಲ. ಮನೆಯಲ್ಲಿ ಮೊದಲಿಂದ ಇದ್ದದ್ದು ದ್ರಾಕ್ಷಾರಿಷ್ಟ, ಊಟವಾದ ಮೇಲೆ ಎರಡು ಚಮಚ. ಬಾಟ್ಲಿಯ ಮೇಲೆ ಸಣ್ಣಕ್ಷರದಲ್ಲಿ, ತಾನಾಗಿ ಹುಟ್ಟಿದ ಆಲ್ಕೋಹಾಲ್ ಇದೆ ಎಂದು ಬರೆದಿರುತ್ತದಲ್ಲ, ಮಾಮ ಅದನ್ನು ಭೂತಗನ್ನಡಿಯಿಂದ ಓದಿದ ದಿನ ಒಂದು ತೀರ್ಮಾನಕ್ಕೆ ಬಂದರು: ತಾನಾಗಿ ಹುಟ್ಟಿದ್ದಕ್ಕೆ ಕುಡಿದವನು ಜವಾಬ್ದಾರನಲ್ಲ. ಸರಕಾರವೂ ಅವರ ಪಕ್ಷಕ್ಕೆ ಬಂತು. 2007ರಲ್ಲಿ ಒಂದು ಕೈಯಿಂದ ಸಾರಾಯಿಗೆ ಬೀಗ ಹಾಕಿ, ಇನ್ನೊಂದು ಕೈಯಿಂದ ವೈನ್ ನೀತಿ ತಂದು, ಆಮೇಲೆ ಅದಕ್ಕೊಂದು ಮಂಡಳಿಯನ್ನೂ ಮಾಡಿತು. ಮಂಡಳಿಗೆ ಆಗ ಇಟ್ಟ ಹೆಸರು ದ್ರಾಕ್ಷಾರಸ ಮಂಡಳಿ. "ಅರಿಷ್ಟಕ್ಕೂ ರಸಕ್ಕೂ ಎಂತ ವ್ಯತ್ಯಾಸ? ಕಷಾಯ ಕಾಯಿಸಿದರೆ ಅರಿಷ್ಟ, ಕಾಯಿಸದಿದ್ದರೆ ರಸ" ಎಂದು ಮಾಮಿಗೆ ವಿವರಿಸಿದರು. ಮಾಮಿ ಏನೂ ಹೇಳಲಿಲ್ಲ. ಅದನ್ನು ಒಪ್ಪಿಗೆ ಎಂದು ಬರೆದುಕೊಂಡರು.

ಮೊಡಂಕಾಪಿನ ಅವರ ಹಳೆಯ ಸಹೋದ್ಯೋಗಿಯೊಬ್ಬರು ಪ್ರತಿ ಕ್ರಿಸ್ಮಸ್ಸಿಗೆ ಕುಸ್ವಾರ್ ತಟ್ಟೆ ಕಳಿಸುತ್ತಾರೆ. ನೆವ್ರಿ, ಕಿಡಿಯೊ, ಗುಳಿಯೊ, ಜೊತೆಗೆ ಮನೆಯಲ್ಲಿ ಮಾಡಿದ ವೈನಿನ ಒಂದು ಸಣ್ಣ ಬಾಟ್ಲಿ. ಮಾಮ ಸ್ಟೀಲ್ ಲೋಟಕ್ಕೆ ಎರಡು ಬೆರಳು ಹೊಯ್ದು, ತಿರುಗಿಸಿ, ಮೂಗು ಒಳಗಿಟ್ಟು ಕಣ್ಣು ಮುಚ್ಚುತ್ತಾರೆ. ಪರದೇಶದವರು ವೈನಿನಲ್ಲಿ ಓಕ್ ಮರ, ಚರ್ಮ, ಒದ್ದೆ ಕಲ್ಲಿನ ವಾಸನೆ ಹಿಡಿಯುತ್ತಾರೆಂದು ಎಲ್ಲೋ ಓದಿದ್ದರು. ಓಕ್ ಮರ ಕಂಡವರಲ್ಲ, ಹಾಗಾಗಿ ಕಂಡದ್ದನ್ನೇ ಹಿಡಿದರು. "ಮೊದಲಿಗೆ ಪುನರ್ಪುಳಿ ಸಿಪ್ಪೆ ಒಣಗಿಸಿದ ಚಾಪೆ. ಆಮೇಲೆ ಅಡಿಕೆ ತುಂಬಿದ ಗೋಣಿ. ಕಡೆಗೆ ಆಟಿ ತಿಂಗಳಲ್ಲಿ ಹೊರಗೆ ಮರೆತ ಚಪ್ಪಲಿ." ಇದು ಹೊಗಳಿಕೆ. ಆರು ಮುಕ್ಕಾಲು. ಉಳಿದ ಕಾಲು ಎಲ್ಲಿ ಹೋಯಿತು ಎಂದು ಸಹೋದ್ಯೋಗಿ ಫೋನಿನಲ್ಲಿ ಕೇಳಿದರು. "ನೀವೇ ಒಮ್ಮೆ ಮಾಡಿ ನೋಡಿ ಸರ್" ಎಂದೂ ಹೇಳಿದರು. ಇಪ್ಪತ್ತು ವರ್ಷಗಳಲ್ಲಿ ಮಾಮನಿಗೆ ಯಾರೂ ಹೇಳದಿದ್ದ ಮಾತು ಅದು.

ಮುಂದಿನ ನವೆಂಬರಿನಲ್ಲಿ ಮಾಮ ನಾಲ್ಕು ಕಿಲೋ ಕಪ್ಪು ದ್ರಾಕ್ಷಿ ತಂದರು. ತೊಳೆದು, ಆರಿಸಿ, ಹಿಚುಕಿ, ಸಕ್ಕರೆ, ಒಂದು ಮುಷ್ಟಿ ಗೋಧಿ, ಸ್ವಲ್ಪ ಯೀಸ್ಟ್ ಹಾಕಿ ಮಾಮಿಯ ಉಪ್ಪಿನಕಾಯಿ ಭರಣಿಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದರು. ದಿನಕ್ಕೊಮ್ಮೆ ಮರದ ಸೌಟು, ದಿನಕ್ಕೊಮ್ಮೆ ಡೈರಿ. ಇಪ್ಪತ್ತೊಂದು ದಿನ ಬಿಡಬೇಕಿತ್ತು. ಹದಿನೈದನೆಯ ದಿನಕ್ಕೆ ನಾಲಗೆ ತಡೆಯಲಿಲ್ಲ. ಸೋಸಿ ಏಳು ಬಾಟ್ಲಿಗೆ ತುಂಬಿಸಿ, ಮುಚ್ಚಳ ಬಿಗಿದು, ಅಟ್ಟದಲ್ಲಿಟ್ಟರು. ಹುದುಗುವುದು ಮುಗಿಯದಿದ್ದರೆ ಒಳಗೆ ಗಾಳಿ ಹುಟ್ಟುತ್ತಲೇ ಇರುತ್ತದೆ ಎಂದು ಅವರ ಪುಸ್ತಕಗಳಲ್ಲಿ ಇರಲಿಲ್ಲ. ಅವೆಲ್ಲ ಪ್ರವಾಸದ ಪುಸ್ತಕಗಳು.

ರಾತ್ರಿ ಒಂದೂವರೆಗೆ ಅಟ್ಟದಲ್ಲಿ ಢಂ ಎಂದಿತು. ತೋಟಕ್ಕೆ ಹಂದಿ ಬಂದು ಯಾರೋ ಗರ್ನಾಲ್ ಹೊಡೆದರೆಂದು ಪಕ್ಕದ ಮನೆಯವರು ಟಾರ್ಚ್ ಹಿಡಿದು ಹೊರಗೆ ಬಂದರು. ಎರಡನೆಯ ಢಂ ಆಗುವಾಗ ನಾನೂ ಅಂಗಳದಲ್ಲಿದ್ದೆ. ಅಟ್ಟದ ಹಲಗೆಯ ಸಂದಿನಿಂದ ಕೆಂಪಗೆ ತೊಟ್ಟಿಕ್ಕುತ್ತಿತ್ತು. ಕೆಳಗೆ ಮಾಮಿ ಬಿಳಿ ಸೀರೆಯಲ್ಲಿ ನಿಂತಿದ್ದರು. ಮೊದಲು ಕಂಡವನ ಎದೆ ನಿಲ್ಲಬೇಕು. ಮಾಮಿ ಹಣೆಯ ಮೇಲೆ ಬಿದ್ದದ್ದನ್ನು ಬೆರಳಿನಿಂದ ತೆಗೆದು ನಾಲಗೆಗೆ ಮುಟ್ಟಿಸಿ, "ಓ ಇವರೇ, ಸಕ್ಕರೆ ಹೆಚ್ಚಾಗಿದೆ" ಎಂದರು.

ಮಾಮ ಹೆದರಿ ಉಳಿದ ಐದು ಬಾಟ್ಲಿಗಳ ಮುಚ್ಚಳ ಸಡಿಲಿಸಿದರು. ಗಾಳಿ ಹೊರಗೆ ಹೋಗಲೆಂದು ಬಿಟ್ಟ ದಾರಿಯಲ್ಲಿ ಗಾಳಿ ಒಳಗೂ ಬಂತು. ಎರಡು ತಿಂಗಳು ಕಳೆದು ಮೊಡಂಕಾಪಿನವರನ್ನು ಕರೆಸಿ ಲೋಟ ಕೊಟ್ಟು, ಜೀವನದಲ್ಲಿ ಮೊದಲ ಸಲ ಇನ್ನೊಬ್ಬರ ಮುಖ ನೋಡುತ್ತ ಕೂತರು. ಅಡಿಗೆ ಭಟ್ಟರ ಅರ್ಧ ಮುಖವನ್ನು ನಾನು ಆ ದಿನ ಮಾಮನಲ್ಲಿ ಪೂರ್ತಿ ಕಂಡೆ. ಮೊಡಂಕಾಪಿನವರು ಒಂದು ಗುಟುಕು ಕುಡಿದು, ಕೆಮ್ಮಿ, ಬಹಳ ಮರ್ಯಾದೆಯಿಂದ, "ಸರ್, ವಿನೆಗರ್ ಒಳ್ಳೆಯದುಂಟು" ಎಂದರು.

ಆ ವರ್ಷದ ಡೈರಿಯಲ್ಲಿ ವೈನಿನ ಪುಟ ಹರಿದಿದೆ. ಬಾಟ್ಲಿಗಳನ್ನು ಚೆಲ್ಲಲು ಮಾಮಿಗೆ ಹೇಳಿದರು. ಐದು ಬಾಟ್ಲಿ ಹುಳಿಯನ್ನು ಚೆಲ್ಲುವ ಹೆಂಗಸು ಪಾಣೆಮಂಗಳೂರಿನಲ್ಲಿ ಹುಟ್ಟಿಲ್ಲ. ಹಸಿಮೆಣಸು, ಶುಂಠಿ, ಉಪ್ಪು ಸೇರಿಸಿ ಅದೇ ಭರಣಿಯಲ್ಲಿ ಉಪ್ಪಿನಕಾಯಿ ಹಾಕಿದರು. ಮೇ ತಿಂಗಳಲ್ಲಿ ಗಂಜಿಯ ಜೊತೆ ಬಡಿಸಿದರು. ಮಾಮ ನೆಕ್ಕಿದರು, ಇನ್ನೊಮ್ಮೆ ನೆಕ್ಕಿದರು, ಮೂರನೆಯ ಸಲ ಗಂಜಿ ಹಾಕಿಸಿಕೊಂಡರು, ಕೈ ತೊಳೆಯದೆ ಎಡಗೈಯಲ್ಲೇ ಬರೆದರು. ಕೊರತೆ ಎಂಬ ಕಲಮು ಖಾಲಿ. ಅಂಕ ಏಳೂವರೆ.

ಆ ಭರಣಿ ಈಗಲೂ ಅರ್ಧ ಉಂಟು. ನೀವು ಈ ಕಡೆ ಬಂದು ಮಾಮನ ಮನೆಯಲ್ಲಿ ಗಂಜಿಗೆ ಕೂತರೆ ಖಂಡಿತ ಕೇಳಿ ಹಾಕಿಸಿಕೊಳ್ಳಿ. ಅದರ ಹುಳಿ ಎಲ್ಲಿಂದ ಬಂತೆಂದು ಮಾತ್ರ ಅವರಿಗೆ ಹೇಳಬೇಡಿ. ಮಾಮಿ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ.