ಸಣ್ಣ ಸಾವ್ಕಾರ್ರ ಈಡು

ಸಕಲೇಶಪುರದಿಂದ ಹೆತ್ತೂರಿನ ಕಡೆಗೋ ಹಾನುಬಾಳಿನ ಕಡೆಗೋ ಹೊರಡಿ, ಇಲ್ಲ ಆಲೂರಿನಿಂದ ಕೆಂಚಮ್ಮನ ಹೊಸಕೋಟೆಯ ದಾರಿ ಹಿಡಿಯಿರಿ. ನಾಲ್ಕು ತೋಟಕ್ಕೆ ಒಬ್ಬರಂತೆ ಸಣ್ಣ ಸಾವ್ಕಾರ್ರು ಸಿಕ್ಕೇ ಸಿಗುತ್ತಾರೆ. ವಯಸ್ಸು ಮೂವತ್ತೈದು ದಾಟಿದೆ, ನೆತ್ತಿಯ ಕೂದಲು ರಜೆ ಹಾಕಿದೆ. ಆದರೂ ದೊಡ್ಡ ಸಾವ್ಕಾರ್ರು ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿರುವಷ್ಟು ದಿನ ಇವರು ಸಣ್ಣವರೇ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿದ್ದವರು 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪು ಬಗಲಿಗೆ ಹಾಕಿಕೊಂಡು ಊರಿಗೆ ಬಂದರು, ಬಂದವರು ಮತ್ತೆ ಹೋಗಲಿಲ್ಲ. ಹಗಲು ತೋಟ, ಸಂಜೆ ಅಮೆರಿಕದವರ ಮೀಟಿಂಗು, ರಾತ್ರಿ ಹನ್ನೊಂದರ ಮೇಲೆ ನರಕ.

ನರಕ ಎಂದದ್ದು ಬೈಗುಳವಲ್ಲ, ವಿಳಾಸ. ಊಟವಾದ ಮೇಲೆ ಸಣ್ಣ ಸಾವ್ಕಾರ್ರು ಮಹಡಿಯ ಕೋಣೆಗೆ ಹೋಗಿ, ಬಾಗಿಲು ಹಾಕಿ, ಹೆಡ್‌ಫೋನ್ ಏರಿಸಿ 'ಮೆಟಲ್: ಹೆಲ್‌ಸಿಂಗರ್' ಎಂಬ ಆಟದೊಳಗೆ ಇಳಿಯುತ್ತಾರೆ. ಸ್ಟಾಕ್‌ಹೋಮಿನ 'ದಿ ಔಟ್‌ಸೈಡರ್ಸ್' ಎನ್ನುವವರು ಮಾಡಿದ ಆಟ, 2022ರ ಸೆಪ್ಟೆಂಬರಿನಲ್ಲಿ ಬಂತು. ಆಡುವವನ ಕೈಯಲ್ಲಿ ಕೋವಿ, ಎದುರಿಗೆ ರಾಕ್ಷಸರ ಹಿಂಡು, ಕಿವಿಯಲ್ಲಿ ಹೆವಿ ಮೆಟಲ್. ಇಷ್ಟೇ ಆಗಿದ್ದರೆ 1993ರ 'ಡೂಮ್' ಕಾಲದಿಂದಲೂ ಇದ್ದದ್ದೇ. ಇಲ್ಲಿ ಮಾತ್ರ ಕುದುರೆ ಹಾರಿದಂತೆ ಗುಂಡು ಹಾರಿಸಿದರೆ ನಡೆಯುವುದಿಲ್ಲ. ಡ್ರಮ್ಮಿನ ಬಡಿತಕ್ಕೆ ಸರಿಯಾಗಿ ಕೋವಿಯ ಕುದುರೆ ಎಳೆಯಬೇಕು. ಬಡಿತ ತಪ್ಪಿದರೆ ಗುಂಡು ಹೋಗುತ್ತದೆ, ರಾಕ್ಷಸನಿಗೆ ಕೆರೆದ ಹಾಗೆ ಆಗುತ್ತದೆ. ಬಡಿತಕ್ಕೆ ಬಿದ್ದರೆ ಲೆಕ್ಕ ಎರಡಾಗಿ, ನಾಲ್ಕಾಗಿ, ಎಂಟಾಗಿ, ಕೊನೆಗೆ ಹದಿನಾರು ಪಟ್ಟಿಗೆ ಏರುತ್ತದೆ. ಜೊತೆಗೆ ಹಾಡೂ ಒಂದೊಂದು ಪದರ ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಗಾಯಕ ಬಾಯಿ ಬಿಡುವುದು ಹದಿನಾರು ಮುಟ್ಟಿದ ಮೇಲೆ. ಸಿಸ್ಟಮ್ ಆಫ್ ಎ ಡೌನ್‌ನ ಸರ್ಜ್ ಟ್ಯಾಂಕಿಯನ್, ಲ್ಯಾಂಬ್ ಆಫ್ ಗಾಡ್‌ನ ರ‍್ಯಾಂಡಿ ಬ್ಲೈತ್ ಮೊದಲಾದ ದೊಡ್ಡ ಗಂಟಲುಗಳೆಲ್ಲ ಇದರಲ್ಲಿವೆ. ಅವರನ್ನು ಹಾಡಿಸಬೇಕಾದರೆ ನೀವು ಕೊಲ್ಲುತ್ತಲೇ ಇರಬೇಕು, ಅದೂ ತಾಳ ತಪ್ಪದೆ.

ಇದಕ್ಕೂ ಎರಡು ವರ್ಷ ಮೊದಲು ಬಂದ 'ಬುಲೆಟ್ಸ್ ಪರ್ ಮಿನಿಟ್' ಇನ್ನೂ ಕಟ್ಟುನಿಟ್ಟು. ಅದರಲ್ಲಿ ತಾಳ ತಪ್ಪಿದರೆ ಕೋವಿ ಸಿಡಿಯುವುದೇ ಇಲ್ಲ, ತೋಟಾ ತುಂಬುವುದಕ್ಕೂ ಬಡಿತವೇ ಬೇಕು. ಸಣ್ಣ ಸಾವ್ಕಾರ್ರು ಅದನ್ನೂ ತಂದಿದ್ದರು, ಒಂದು ವಾರ ಆಡಿ ಬಿಟ್ಟರು. ಮನೆಯಲ್ಲಿ ಅಪ್ಪಾಜಿ ಒಬ್ಬರು ಸಾಲದೇ ಎಂದು ಅವರ ವಾದ.

ಈ ಮನೆಯಲ್ಲಿ ಕೋವಿಗೆ ಮೂರು ತಲೆಮಾರಿನ ಇತಿಹಾಸವಿದೆ. ಅಜ್ಜ ಹೊಡೆಯುತ್ತಿದ್ದರು. ಹಜಾರದ ಗೋಡೆಯ ಕಡವೆ ಕೊಂಬು ಅವರದು, ಅದರ ಕಥೆಯೂ ಅವರದೇ. ಆ ಕಥೆಯಲ್ಲಿ ಕಡವೆ ಮೊದಲು ಇಪ್ಪತ್ತು ಮಾರು ದೂರದಲ್ಲಿತ್ತು. ನಾನು ಕೊನೆಯ ಸಲ ಕೇಳಿದಾಗ ಹೊಳೆ ದಾಟಿ ಹೋಗಿತ್ತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮೇಲೆ ಹೊಡೆಯುವುದು ನಿಂತು ಹೇಳುವುದು ಉಳಿಯಿತು. ಹೇಳುವುದರಲ್ಲಿ ದೊಡ್ಡ ಸಾವ್ಕಾರ್ರನ್ನು ಮೀರಿಸಿದವರಿಲ್ಲ. ಅವರ ಜೋಡುನಳಿಗೆ ತೋಟಾಕೋವಿಗೆ ಬೆಳೆ ರಕ್ಷಣೆಯ ಲೈಸೆನ್ಸಿದೆ. ಪಕ್ಕದ ಕೊಡಗಿನ ಕೊಡವರಿಗಿರುವ ಲೈಸೆನ್ಸಿನ ವಿನಾಯಿತಿ ನಮಗಿಲ್ಲವಲ್ಲ ಎಂದು ಬಿಸಿಲೆ ಘಾಟಿಯ ಕಡೆ ಕೈ ತೋರಿಸಿ ನಿಟ್ಟುಸಿರು ಬಿಡುವುದು ಅವರ ನಿತ್ಯವಿಧಿಗಳಲ್ಲೊಂದು. ಬೀರುವಿನಿಂದ ಆ ಕೋವಿ ಹೊರಬರುವುದು ಆಯುಧಪೂಜೆಗೆ, ಬಿಟ್ಟರೆ ಚುನಾವಣೆಗೆ. ನೀತಿಸಂಹಿತೆ ಬಂತೆಂದರೆ ಲೈಸೆನ್ಸುದಾರರೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. 2023ರ ಮೇ ತಿಂಗಳ ವಿಧಾನಸಭೆಗೆ ಹೋಯಿತು, ಬಂತು. 2024ರ ಏಪ್ರಿಲ್‌ನ ಲೋಕಸಭೆಗೆ ಮತ್ತೆ ಹೋಯಿತು, ಬಂತು. ತೋಟದ ಕಾಡುಹಂದಿಗಿಂತ ಠಾಣೆಯ ರೈಟರನ್ನೇ ಆ ಕೋವಿ ಹೆಚ್ಚು ಸಲ ನೋಡಿದೆ.

ಹೀಗಿರುವಾಗ ಮಗ ರಾತ್ರಿಯೊಂದಕ್ಕೆ ನಾನೂರು ಈಡು ಹೊಡೆಯುತ್ತಾನೆ ಎಂದು ತಿಳಿದ ದಿನ ದೊಡ್ಡ ಸಾವ್ಕಾರ್ರು ಮಹಡಿ ಹತ್ತಿದರು. ಸ್ವಲ್ಪ ಹೊತ್ತು ಹಿಂದೆ ನಿಂತು ನೋಡಿದರು.

"ಇದಕ್ಕೆ ಲೈಸೆನ್ಸ್ ಬೇಡವೇನೋ?"

"ಬೇಡ ಅಪ್ಪಾಜಿ."

"ಎಲೆಕ್ಷನ್ ಟೈಮಲ್ಲಿ?"

"ಆಗಲೂ ಬೇಡ."

ದೊಡ್ಡ ಸಾವ್ಕಾರ್ರು ಕುರ್ಚಿ ಎಳೆದುಕೊಂಡು ಕೂತರು. ಆಟದ ನಾಯಕಿಯ ಕೈಯಲ್ಲಿದ್ದ 'ಪರ್ಸಿಫನಿ'ಯನ್ನು ಕಂಡದ್ದೇ ತೋಟಾಕೋವಿ ಎಂದು ಗುರುತು ಹಿಡಿದರು. ಹತ್ತಿರದಿಂದ ಹೊಡಿ, ಇಲ್ಲಾಂದ್ರೆ ಚರೆ ಹರಡಿ ದಂಡವಾಗ್ತದೆ ಎಂದು ಸಲಹೆ ಕೊಟ್ಟರು. ಸಲಹೆ ಸರಿಯಾಗಿಯೇ ಇತ್ತು; ಅವತ್ತು ಮಗ ಮೊದಲ ಸಲ ಸ್ಟಿಜಿಯಾ ಎಂಬ ನರಕ ದಾಟಿದನಂತೆ. ಒಂದನ್ನು ಮಾತ್ರ ದೊಡ್ಡವರಿಂದ ಇವತ್ತಿಗೂ ಒಪ್ಪಲಾಗಿಲ್ಲ. ಈಡು ತಪ್ಪಿದ್ದನ್ನು ಆಟ ಆಗಿಂದಾಗಲೇ ತೋರಿಸಿಬಿಡುತ್ತದೆ, ಕಡೆಯಲ್ಲಿ ಎಷ್ಟು ತಾಳಕ್ಕೆ ಬಿತ್ತು ಎಷ್ಟು ಬೀಳಲಿಲ್ಲ ಎಂದು ಲೆಕ್ಕ ಬೇರೆ ಕೊಡುತ್ತದೆ. ಆ ವಂಶದಲ್ಲಿ ಈಡು ತಪ್ಪಿದೆ ಎಂದು ಇದುವರೆಗೆ ಯಾರೂ ಯಾರಿಗೂ ಹೇಳಿದ್ದಿಲ್ಲ.

ಅಮ್ಮನ ಕಳಕಳಿ ಬೇರೆ. ಆಟದ ನಾಯಕಿಯ ಧ್ವನಿಯನ್ನು ಕದ್ದಿದ್ದಾರೆ, ಅದನ್ನು ಹುಡುಕಿಕೊಂಡು ಆಕೆ ನರಕಗಳನ್ನೆಲ್ಲ ಸುತ್ತುತ್ತಿದ್ದಾಳೆ ಎಂದು ಮಗ ವಿವರಿಸಿದಾಗ ಅವರು ಅಕ್ಕಿರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿ, "ಪಾಪ, ಯಾರ ಮನೆ ಹುಡುಗಿಯೋ" ಎಂದರು. ಮರುಕ್ಷಣ, "ನಿನಗೆ ಇಂಥ ಗಟ್ಟಿಗಿತ್ತಿಯೇ ಆಗಬೇಕು" ಎಂದು ಸೇರಿಸಿದ್ದರಿಂದ ಮಗ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ.

ಸಣ್ಣ ಸಾವ್ಕಾರ್ರ ಅಂಗಿಯ ವಿಚಾರವನ್ನೂ ಹೇಳಬೇಕು. ಕಪ್ಪು ಟೀ ಶರ್ಟು, ಎದೆಯ ಮೇಲೆ ಬುರುಡೆ, ಅದರಡಿ ಮುಳ್ಳುಬೇಲಿಯಂಥ ಅಕ್ಷರ. ಮದುವೆಗೆ ಹೋಗುವಾಗ ಅದರ ಮೇಲೊಂದು ಶರ್ಟು ಹಾಕಿ ಮೇಲಿನ ಎರಡು ಗುಂಡಿ ಬಿಟ್ಟಿರುತ್ತಾರೆ, ಬುರುಡೆಯ ಹಣೆ ಕಾಣುವಷ್ಟು. ಎರಡು ತಾರೀಖುಗಳನ್ನು ಅವರು ಜಾತಕದಂತೆ ಒಪ್ಪಿಸುತ್ತಾರೆ: 2007ರ ಮಾರ್ಚ್ 17, ಅರಮನೆ ಮೈದಾನದಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30, ಅದೇ ಮೈದಾನದಲ್ಲಿ ಮೆಟಾಲಿಕಾ. ದೆಹಲಿ ಕಡೆಯ ಮೆಟಾಲಿಕಾ ಕಚೇರಿ ರದ್ದಾಗಿ ಬೆಂಗಳೂರಿನದು ಮಾತ್ರ ನಡೆಯಿತು ಎನ್ನುವಾಗ, ಅದನ್ನು ತಾವೇ ಮುಂದೆ ನಿಂತು ನಡೆಸಿಕೊಟ್ಟ ಧಾಟಿಯಿರುತ್ತದೆ. 1998ರಿಂದ ಬೆಂಗಳೂರಿನಲ್ಲಿ ಮೆಟಲ್ ನುಡಿಸುತ್ತಿರುವ 'ಕ್ರಿಪ್ಟೋಸ್' ಬಗ್ಗೆ ನಿಮಗೆ ಗೊತ್ತಿಲ್ಲದಿದ್ದರೆ ಅಂದಿನ ಮಾತು ಅಲ್ಲಿಗೇ ಮುಗಿಯಿತು. ಗೊತ್ತಿದ್ದರೆ ಮುಗಿಯುವುದೇ ಇಲ್ಲ.

2024ರಲ್ಲಿ ರೊಬಸ್ಟಾ ಕಾಫಿಯ ಬೆಲೆ ಯಾರೂ ಕನಸಿನಲ್ಲೂ ಕಾಣದಷ್ಟು ಏರಿತಲ್ಲ, ಆಗ ಮಹಡಿಗೆ ಹೊಸ ಗ್ರಾಫಿಕ್ಸ್ ಕಾರ್ಡು ಬಂತು. ತೋಟದ ಲೆಕ್ಕದ ಪುಸ್ತಕದಲ್ಲಿ ಅದು 'ಪಲ್ಪರ್ ರಿಪೇರಿ' ಎಂದು ದಾಖಲಾಗಿದೆ. ನಿಜವಾದ ಪಲ್ಪರು ಹೋದ ಕೊಯ್ಲಿನಲ್ಲೂ ಕೆಮ್ಮುತ್ತಲೇ ಹಣ್ಣು ಸುಲಿಯಿತು.

ಹೊಸ ಕಾರ್ಡಿನ ಜೊತೆಗೆ ಬ್ಲೂಟೂತ್ ಹೆಡ್‌ಫೋನೂ ಬಂದಿತ್ತು, ಬಂದ ದಿನದಿಂದ ಒಂದು ಈಡೂ ತಾಳಕ್ಕೆ ಬೀಳದಾಯಿತು. ನಿಮಿಷಕ್ಕೆ 120 ಬಡಿತದ ಹಾಡಾದರೆ ಬಡಿತದಿಂದ ಬಡಿತಕ್ಕೆ ಅರ್ಧ ಸೆಕೆಂಡು. ಗಾಳಿಯಲ್ಲಿ ಬರುವ ಸದ್ದು ಸೆಕೆಂಡಿನ ಐದನೇ ಒಂದು ಪಾಲು ತಡವಾದರೂ ಹತ್ತಿರ ಹತ್ತಿರ ಅರ್ಧ ಬಡಿತ ಕೈಬಿಟ್ಟಂತೆ. ಈ ತಡವನ್ನು ಅಳೆದು ಸರಿಪಡಿಸಲು ಆಟದಲ್ಲೇ ಒಂದು ವ್ಯವಸ್ಥೆಯಿದೆ. ಟಕ್ ಎಂದಾಗಲೆಲ್ಲ ಗುಂಡಿ ಒತ್ತುತ್ತಾ ಕೂರಬೇಕು. ಜುಲೈ ತಿಂಗಳ ಮಳೆ ಹೆಂಚಿನ ಮೇಲೆ ಹೊಡೆಯುವಾಗ ಟಕ್ ಯಾವುದು, ಹನಿ ಯಾವುದು? ಸಣ್ಣ ಸಾವ್ಕಾರ್ರು ಹಠ ಬಿಡದೆ ರಾತ್ರಿಯೆಲ್ಲ ಒತ್ತಿದರು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಪ್ಪನಿಗೆ ಲೇಟೆನ್ಸಿ ಎಂದರೇನು ಎಂದು ಪಾಠ ಶುರು ಮಾಡಿದರು.

"ಇದರಲ್ಲೇನಿದೆ?" ಎಂದರು ದೊಡ್ಡವರು. "ಎದುರು ಗುಡ್ಡದಲ್ಲಿ ಈಡಾದ್ರೆ ಹೊಗೆ ಮೊದಲು ಕಾಣ್ತದೆ, ಸದ್ದು ಆಮೇಲೆ ಬರ್ತದೆ. ಕಿಲೋಮೀಟರಿಗೆ ಮೂರು ಸೆಕೆಂಡು. ಅದರ ಮೇಲೇ ಯಾರ ತೋಟದಲ್ಲಿ ಹಂದಿ ಬಿತ್ತು ಅಂತ ನಾವು ಹೇಳ್ತಿದ್ದದ್ದು, ಪಾಲು ಕೇಳೋಕೆ ಹೋಗ್ತಿದ್ದದ್ದು."

ಅಂದೇ ಸಂಜೆ ಸಣ್ಣ ಸಾವ್ಕಾರ್ರು ಹಳೆಯ ವೈರಿನ ಹೆಡ್‌ಫೋನನ್ನು ಪೆಟ್ಟಿಗೆಯಿಂದ ತೆಗೆದರು.

ತೋಟದ ಕೆಳಗಿನ ಹಳೇ ಕ್ವಾರ್ಟರ್ಸನ್ನು ಇವರು ಹೋಮ್‌ಸ್ಟೇ ಮಾಡಿದ್ದಾರೆ, ಈಗ ಯಾರು ಮಾಡಿಲ್ಲ? ಮಂಜರಾಬಾದ್ ಕೋಟೆ ಹತ್ತಿ, ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಗೋಡೆಯ ಮೇಲೆ ಫೋಟೋ ತೆಗೆಸಿಕೊಂಡು, ನಿಶ್ಶಬ್ದ ಬೇಕು ಎಂದು ಬೆಂಗಳೂರಿನ ಸಂಸಾರಗಳು ಬಂದಿಳಿಯುತ್ತವೆ. ಒಂದು ರಾತ್ರಿ ಹೆಡ್‌ಫೋನಿನ ವೈರು ಕಿತ್ತುಬಂದದ್ದು ತಿಳಿಯದೆ ಸಣ್ಣ ಸಾವ್ಕಾರ್ರು ಹದಿನಾರು ಪಟ್ಟು ಮುಟ್ಟಿಬಿಟ್ಟರು. ಗಾಯಕ ಹೊಟ್ಟೆಯ ಆಳದಿಂದ ಒಂದು ಘರ್ಜನೆ ಎತ್ತಿದ, ಅದು ಸ್ಪೀಕರಿನಿಂದ ಹೊರಟು ಸಿಲ್ವರ್ ಓಕ್ ಮರಗಳ ನಡುವೆ ಹಾದು ಕೆಳಗಿನ ಕ್ವಾರ್ಟರ್ಸಿಗೆ ಹೋಯಿತು. ಬೆಳಿಗ್ಗೆ ಅತಿಥಿಗಳು ಕಣ್ಣರಳಿಸಿಕೊಂಡು ಬಂದರು. "ಸಾರ್, ರಾತ್ರಿ ಚಿರತೆ ಕೂಗಿದ್ದು ಕೇಳಿಸ್ತಾ?" ಸಣ್ಣ ಸಾವ್ಕಾರ್ರು ಒಂದು ಕ್ಷಣ ಯೋಚಿಸಿದರು. "ಗಂಡು," ಎಂದರು. ಆ ಸಂಸಾರ ಐದು ನಕ್ಷತ್ರ ಕೊಟ್ಟು ಹೋಯಿತು. ಈಗ ಶನಿವಾರದ ರಾತ್ರಿಗಳಲ್ಲಿ ವೈರು ಆಗಾಗ ತಾನಾಗಿಯೇ ಕಿತ್ತುಬರುತ್ತದೆ ಎಂಬ ಮಾತಿದೆ.

ಆನೆಯ ವಿಷಯದಲ್ಲಿ ಮಾತ್ರ ಈ ಆಟ ನಡೆಯುವುದಿಲ್ಲ. ದಸರಾ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಯಸಳೂರಿನ ಕಾಡಿನೊಳಗೆ ಸತ್ತ. ಆ ರಾತ್ರಿ ಸಣ್ಣ ಸಾವ್ಕಾರ್ರು ಕಂಪ್ಯೂಟರ್ ಹಾಕಲಿಲ್ಲ. ಹಿಂಡು ಎಲ್ಲಿದೆ ಎಂದು ಫೋನಿಗೆ ಬರುವ ಸುದ್ದಿಗಳನ್ನು ಅವರಷ್ಟು ಶ್ರದ್ಧೆಯಿಂದ ಓದುವವರೂ ಇಲ್ಲ. ಕೆಲಸಕ್ಕೆ ಬರುವ ಹೆಂಗಸರಿಗೆ ದಾರಿ ಬದಲಿಸಿ ಎಂದು ಬೆಳಗಿನ ಆರಕ್ಕೇ ಫೋನ್ ಮಾಡುವವರು ಅವರೇ. ಆದರೂ ಒಮ್ಮೆ ತೋಟದ ರೈಟರು ರಾತ್ರಿ ಕರೆ ಮಾಡಿ "ಸಣ್ಣ ಸಾವ್ಕಾರ್ರೆ, ಕಣದ ಹತ್ರ ಬಂದಾವೆ" ಎಂದಾಗ, ಇವರು "ತಡೀರಿ, ಹದಿನಾರು ಆಗಿದೆ" ಎಂದುಬಿಟ್ಟರು. ರೈಟರು ಹದಿನಾರು ಆನೆ ಎಂದು ತಿಳಿದು ಅಕ್ಕಪಕ್ಕದ ತೋಟಗಳಿಗೆಲ್ಲ ಸುದ್ದಿ ಮುಟ್ಟಿಸಿದರು. ಬಂದಿದ್ದವು ಎರಡು. ಊರು ಬೆಳಗಾಗುವವರೆಗೆ ಉಳಿದ ಹದಿನಾಲ್ಕನ್ನು ಹುಡುಕಿತು.

ಸುಗ್ಗಿ ಹಬ್ಬ ಸಾರಿದ ಮೇಲೆ ನಮ್ಮ ಕಡೆಯ ಕೆಲವು ಊರುಗಳಲ್ಲಿ ಒಗ್ಗರಣೆ ಚುರ್ ಎನ್ನಿಸುವಂತಿಲ್ಲ, ಹಸಿ ಮರಕ್ಕೆ ಕತ್ತಿ ಹಾಕುವಂತಿಲ್ಲ. ರಾಕ್ಷಸರನ್ನು ಕೊಲ್ಲಬಹುದೇ ಎಂದು ಸಣ್ಣ ಸಾವ್ಕಾರ್ರು ಅಜ್ಜಿಯನ್ನು ಕೇಳಿದರು. ಸದ್ದಾಗದಿದ್ದರೆ ಕೊಲ್ಲು ಎಂದು ಅಪ್ಪಣೆಯಾಯಿತು. ಆ ಸುಗ್ಗಿಯಲ್ಲೇ ಟ್ರ್ಯಾಕ್ಟರ್ ಡ್ರೈವರಿನ ಮಗ ಮಹಡಿಗೆ ಬಂದದ್ದು. ಪಿಯುಸಿ ಹುಡುಗ, ಸುಗ್ಗಿ ಕುಣಿತಕ್ಕೆ ತಮಟೆ ಬಡಿಯುವವನು. ಪ್ರಿಂಟ್ ತೆಗೆಸಿಕೊಳ್ಳಲು ಬಂದವನಿಗೆ ಸಣ್ಣ ಸಾವ್ಕಾರ್ರು ದೊಡ್ಡ ಮನಸ್ಸು ಮಾಡಿ ಹೆಡ್‌ಫೋನ್ ಕೊಟ್ಟರು, ನಿಯಮ ಹೇಳಿದರು, ಮೊದಲ ದಿನ ಯಾರಿಗೂ ಬರುವುದಿಲ್ಲ ಎಂದು ಮೊದಲೇ ಸಮಾಧಾನವನ್ನೂ ಹೇಳಿದರು.

ಹುಡುಗ ಎರಡು ಸಲ ತಲೆ ಆಡಿಸಿ ಲಯ ಹಿಡಿದ. ಎಡಗಾಲಿನ ಹೆಬ್ಬೆರಳು ನೆಲಕ್ಕೆ ಬಡಿಯತೊಡಗಿತು. ಎರಡು, ನಾಲ್ಕು, ಎಂಟು. ಎದುರು ಬರುವ ರಾಕ್ಷಸರ ಕಡೆ ಅವನ ಗಮನವೇ ಇರಲಿಲ್ಲ. ತಮಟೆಯ ಕಡ್ಡಿ ಬೀಳುವ ಜಾಗದಲ್ಲಿ ಅವನ ಬೆರಳು ಬೀಳುತ್ತಿತ್ತು, ಅವರಾಗಿಯೇ ಸಾಯುತ್ತಿದ್ದರು. ಪೂರ್ತಿ ಹಾಡು ಹದಿನಾರರಲ್ಲೇ ನಿಂತಿತು. ಮುಗಿದ ಮೇಲೆ ಹೆಡ್‌ಫೋನ್ ತೆಗೆದು, "ಪದ ಚೆನ್ನಾಗದೆ ಅಣ್ಣಾ. ನಡುವೆ ಈ ದೆವ್ವಗಳು ಬಂದು ತೊಂದ್ರೆ ಕೊಡ್ತವೆ, ಅಷ್ಟೇ," ಎಂದು ಪ್ರಿಂಟ್ ತೆಗೆದುಕೊಂಡು ಹೋದ.

ಮೌಸಿನ ಎಡಗುಂಡಿ ಸರಿಯಿಲ್ಲ ಎಂದು ಸಣ್ಣ ಸಾವ್ಕಾರ್ರು ಅಂದು ರಾತ್ರಿ ಪತ್ತೆ ಮಾಡಿದರು. ಹೊಸದಕ್ಕೆ ಆರ್ಡರ್ ಹಾಕಿ ಹದಿನೈದು ದಿನವಾಯಿತು. ಸಕಲೇಶಪುರಕ್ಕೆ ಬಂದು ಕೂತಿದೆ, ಕೊರಿಯರಿನ ಹುಡುಗ ಅಲ್ಲಿಂದ ಈಚೆಗೆ ಹೊರಡುತ್ತಿಲ್ಲ. ದಾರಿಯಲ್ಲಿ ಹದಿನಾಲ್ಕು ಆನೆ ಇನ್ನೂ ಸಿಕ್ಕಿಲ್ಲವಂತೆ.